ಒಂದೂವರೆ ಟನ್ನಿನ ನಿದ್ದೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಅಣ್ಣ ಹೇಳುತ್ತಾನೆ. ಹೇಳಿಕೊಳ್ಳಲಿ. ಅವನ ಮುದಿ ಪಿಕಪ್ಪಿಗೆ ಒಂದೂವರೆ ಟನ್ ನೆಲಗಲ್ಲು ಹೊರುವ ತಾಕತ್ತು ಬಂದದ್ದು ನನ್ನ ಗ್ಯಾರೇಜಿನಲ್ಲೇ.

ಗುಜರಿಯಿಂದ ದೊಡ್ಡ ಲಾರಿಯ ಹಿಂದಿನ ಆಕ್ಸಲ್ ತಂದು ಪಿಕಪ್ಪಿನ ಅಗಲಕ್ಕೆ ಕತ್ತರಿಸಿದ್ದೆ. ಒಂದೇ ಕಡೆ ಬೆಸುಗೆ ಹಾಕಿದರೆ ಅದು ಬಾಗುತ್ತದೆ. ಆದ್ದರಿಂದ ಎಡಕ್ಕೆ ಒಂದಿಂಚು, ಬಲಕ್ಕೆ ಒಂದಿಂಚು, ನಡುನಡುವೆ ಅದು ತಣಿಯುವವರೆಗೆ ಸುಮ್ಮನೆ ಕೂರುವುದು. ಆ ಕಾಯುವಿಕೆಯಲ್ಲಿ ಗ್ಯಾರೇಜು ನೀರಿನಡಿ ಮುಳುಗಿದಂತೆ ಇರುತ್ತಿತ್ತು, ಬೀದಿಯ ಸದ್ದೆಲ್ಲ ಎಲ್ಲೋ ದೂರ. ಗಾಡಿಯ ಭಾರ ಹೊರುವ ಮೂರು ಕಮಾನು ಪಟ್ಟಿಗಳಿದ್ದ ಕಡೆ ಏಳು ಕೂರಿಸಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮರೆತದ್ದು ನಲವತ್ತೆರಡು ಕಿಲೋ. ಅದು ಅಮ್ಮ.

ಮೂವತ್ತು ವರ್ಷ ಗಿರಣಿಯಲ್ಲಿ ರಾತ್ರಿ ಪಾಳಿ ಮಾಡಿದ ಅಮ್ಮನಿಗೆ ರಾತ್ರಿಯ ನಿದ್ದೆ ಎಂದೋ ಬಿಟ್ಟುಹೋಗಿತ್ತು. ಕೆಲಸ ಬಿಟ್ಟ ಮೇಲೆ ಹಗಲಿನದೂ ಹೋಯಿತು. ಗುಳಿಗೆಗಳು ಬಾಯಿ ಒಣಗಿಸಿದವೇ ಹೊರತು ಕಣ್ಣು ಮುಚ್ಚಿಸಲಿಲ್ಲ. ಅವಳು ಮಲಗುತ್ತಿದ್ದದ್ದು ಒಂದೇ ಜಾಗದಲ್ಲಿ, ಪಿಕಪ್ಪಿನ ಸೀಟಿನಲ್ಲಿ. ದಿನಾ ಸರಕು ಇಳಿಸಿದ ಮೇಲೆ ಅಣ್ಣ ಅವಳನ್ನು ಹತ್ತಿಸಿಕೊಂಡು ಎರಡು ಗಂಟೆ ಸುತ್ತಾಡಿಸುತ್ತಿದ್ದ. ಗಾಡಿ ತೂಗುತ್ತಿತ್ತು, ಅವಳು ಬಾಯಿ ತೆರೆದು ಮಲಗುತ್ತಿದ್ದಳು.

ಏಳು ಪಟ್ಟಿಗಳನ್ನು ಬಗ್ಗಿಸುವ ಭಾರವಿಲ್ಲದೆ ಖಾಲಿ ಗಾಡಿ ಕುದುರೆಮರಿಯಂತೆ ನೆಗೆಯತೊಡಗಿತು.

"ನಿದ್ದೆ ಬಂತೇನಮ್ಮಾ?" ಅಂತ ಮೂರು ದಿನ ಕೇಳಿದೆ.

"ಬಂತು ಬಂತು. ಚೆನ್ನಾಗ್ ಮಾಡಿದೀಯ ಕಣೇ," ಅಂದಳು. ಕಣ್ಣುಗಳು ಕೆಂಡವಾಗಿದ್ದವು. ನನಗೆ ನೋವಾಗಬಾರದೆಂದು ಸುಳ್ಳು ಹೇಳುತ್ತಿದ್ದಳು. ನನಗೆ ಅಳು ಬಂತು, ಎಂದಿನಂತೆ ಅಣ್ಣನ ಮೇಲೆ ರೇಗಿದೆ.

"ನಾನೇನ್ ಮಾಡ್ಲಿ? ಏಳು ಪಟ್ಟಿ ಹಾಕಿದ್ದು ನೀನೇ ತಾನೆ!" ಅಂದ. ಸರಿಯಾಗಿಯೇ ಅಂದ.

ನಾಲ್ಕನೆಯ ದಿನ ನೆಲ ಹಾಕುವ ಮೇಸ್ತ್ರಿ ಕಲ್ಲನ್ನು ಮಧ್ಯಾಹ್ನ ತನ್ನಿ ಎಂದಿದ್ದ. ಹಾಗಾಗಿ ತುಂಬಿದ ಗಾಡಿಯಲ್ಲೇ ಅಣ್ಣ ಮನೆಗೆ ಬಂದ. ಆಕ್ಸಲ್ಲಿನ ಸದ್ದು ಪರೀಕ್ಷಿಸಲು ನಾನೂ ಹತ್ತಿದೆ, ನಡುವೆ ಅಮ್ಮ. ಭಾರಕ್ಕೆ ಪಟ್ಟಿಗಳು ಬಗ್ಗಿದ್ದವು. ಗಾಡಿ ನೆಗೆಯಲಿಲ್ಲ, ತೇಲಿತು. ಕಿಟಕಿಯಾಚೆ ಗೋಡೆಗಳು, ಒಣಹಾಕಿದ ಬಟ್ಟೆಗಳು, ಮರದ ನೆರಳುಗಳು ಒಂದರೊಳಗೊಂದು ಕರಗಿ ಹಿಂದೆ ಸರಿದವು. ಮೂರನೆಯ ತಿರುವಿನಲ್ಲಿ ಅಮ್ಮನ ತಲೆ ನನ್ನ ಭುಜದ ಮೇಲೆ ಬಿತ್ತು.

ಅಣ್ಣ ಕನ್ನಡಿಯಲ್ಲಿ ನನ್ನನ್ನು ನೋಡಿದ.

ಕಲ್ಲು ಇಳಿಸಬೇಕಿದ್ದ ಕಟ್ಟಡದ ಮುಂದೆ ಮೇಸ್ತ್ರಿ, ನಾಲ್ವರು ಆಳುಗಳು ಕಾಯುತ್ತಿದ್ದರು. ಕಲ್ಲು ಇಳಿಸಿದರೆ ಪಟ್ಟಿಗಳು ಮೇಲೇಳುತ್ತವೆ, ಅಮ್ಮನೂ ಏಳುತ್ತಾಳೆ. ನಾನು ತುಟಿಯ ಮೇಲೆ ಬೆರಳಿಟ್ಟೆ. ಮೇಸ್ತ್ರಿ ಬಯ್ಯಲೆಂದೇ ಬಂದವನು ಕಿಟಕಿಯೊಳಗೆ ಇಣುಕಿದ.

"ನಿಮ್ಮಮ್ಮಾನಾ?" ಎಂದು ಪಿಸುಗುಟ್ಟಿದ. "ಹೋಗಿ, ನಾಳೆ ತನ್ನಿ."

ಅಣ್ಣ ಎಂಜಿನ್ ಆರಿಸಿರಲಿಲ್ಲ. ಮೆಲ್ಲಗೆ ಗೇರು ಹಾಕಿದ. ಊರಿನ ಬೀದಿಗಳಲ್ಲೆಲ್ಲ ಆ ಕಲ್ಲು ಹೊತ್ತು ತಿರುಗಿದೆವು. ಬಿಸಿಲು ಹಳದಿಯಾಗಿ, ಆಮೇಲೆ ಕೆಂಪಾಯಿತು.

ಯಾವುದೋ ಸೇತುವೆಯ ಮೇಲೆ ಅಮ್ಮ ಅರ್ಧ ಕಣ್ಣು ತೆರೆದಳು. "ಕಲ್ಲು ಇನ್ನೂ ಇಳಿಸಿಲ್ವೇನೋ?"

"ಈಗ ತಾನೆ ಹೊರಟಿದೀವಮ್ಮ," ಅಂದ ಅಣ್ಣ. "ಇನ್ನೂ ತುಂಬಾ ದೂರ ಇದೆ. ಮಲಕ್ಕೋ."