ರಿಸಲ್ಟ್ ಸಿಕ್ತು

ನಮ್ಮ ಲ್ಯಾಂಕಾಶೈರಿನ ಗಂಡಸರಿಗೆ "ಗೆದ್ದೆ" ಎಂದು ಹೇಳಿಕೊಳ್ಳಲು ನಾಚಿಕೆ. ಗೆದ್ದೆ ಎಂದರೆ ಜಂಬ, ಜಂಬಗಾರನನ್ನು ಇಲ್ಲಿ ಯಾರೂ ಟೀಗೆ ಕರೆಯುವುದಿಲ್ಲ. ಅದಕ್ಕೇ ಅವರು "ರಿಸಲ್ಟ್!" ಎನ್ನುತ್ತಾರೆ, ತಮ್ಮದೇನೂ ಇಲ್ಲ, ಅದಾಗಿಯೇ ಬಂದು ಮಡಿಲಿಗೆ ಬಿತ್ತು ಎಂಬಂತೆ. ನನ್ನ ಗಂಡ ವಿಲ್ಫ್‌ಗೆ ದಿನ ಬೆಳಗಾದರೆ ಅದೇ ಮಾತು. ಬೇಕರಿಯಲ್ಲಿ ಮಾಂಸ ತುಂಬಿದ ಕೊನೆಯ ಪೈ ಸಿಕ್ಕಿದರೆ ರಿಸಲ್ಟ್. ಬಟ್ಟೆ ಒಣಗುವವರೆಗೆ ಮಳೆ ತಡೆದರೆ ರಿಸಲ್ಟ್. ಕ್ರಿಸ್‌ಮಸ್‌ಗೆ ಬರಲಾಗುವುದಿಲ್ಲ ಎಂದು ನನ್ನ ಅಕ್ಕ ಫೋನ್ ಮಾಡಿದಾಗ ಇವನು ಪಕ್ಕದಲ್ಲೇ ನಿಂತು ಮುಷ್ಟಿ ಎತ್ತಿ ಕೂಗಿದ್ದು ಅವಳಿಗೂ ಕೇಳಿಸಿತು. ಅವಳು ಇನ್ನೂ ನನ್ನೊಂದಿಗೆ ಸರಿಯಾಗಿ ಮಾತಾಡುವುದಿಲ್ಲ.

ಇದು ಈ ಬುಧವಾರದ ಮಾತು. ಬುಧವಾರ ಮಧ್ಯಾಹ್ನ ನಮ್ಮ ನಿವೃತ್ತರ ಬೋಲ್ಸ್ ತಂಡದ ಆಟ. ಹುಲ್ಲಿನ ಮೇಲೆ ಭಾರದ ಚೆಂಡನ್ನು ಉರುಳಿಸಿ, ಜ್ಯಾಕ್ ಎನ್ನುವ ಪುಟ್ಟ ಚೆಂಡಿನ ಹತ್ತಿರ ನಿಲ್ಲಿಸುವುದು. ಇಷ್ಟಕ್ಕೇ ಜಗಳ, ಮುನಿಸು, ಮಾತು ಬಿಡುವುದು ಎಲ್ಲ ಆಗುತ್ತದೆ. ನಾನು ಕ್ಲಬ್ಬಿನ ಅಡುಗೆಮನೆಯಲ್ಲಿ ಪೈ ಬಿಸಿ ಮಾಡಿ, ಬಟಾಣಿ ಬೇಯಿಸಿ ಬಡಿಸುವವಳು.

ವಿಲ್ಫ್‌ನ ಜೀವದ ಗೆಳೆಯ ನೆವಿಲ್ ಎಂದೂ ಆಟ ತಪ್ಪಿಸಿದವನಲ್ಲ. ಆದರೆ ಭಾನುವಾರವೇ ನಮ್ಮ ಹಿತ್ತಲ ಗೇಟಿನ ಬಳಿ ಬಂದು ನಿಂತಿದ್ದ.

"ಬುಧವಾರ ನಾನು ಆಡಕ್ಕೆ ಬರಲ್ಲ ಕಣೋ. ಐರೀನ್‌ದು ಟೆಸ್ಟ್ ರಿಸಲ್ಟ್ ಇದೆ, ಆಸ್ಪತ್ರೇಲಿ. ನಿಮ್ಮಿಬ್ಬರಿಗೆ ಮಾತ್ರ ಹೇಳ್ತಿದೀನಿ. ಕ್ಲಬ್ಬಲ್ಲಿ ಬಾಯಿ ಬಿಡಬೇಡಿ."

ಐರೀನ್ ನೆವಿಲ್‌ನ ಹೆಂಡತಿ. ವಿಲ್ಫ್ ಅವನ ಭುಜ ಹಿಡಿದು, "ಅವತ್ತೆಲ್ಲಾ ನಂಗೆ ನಿಮ್ದೇ ಯೋಚನೆ ಇರುತ್ತೆ ಮಾರಾಯ" ಎಂದ. ಮನಸಾರೆ ಹೇಳಿದ್ದು, ಅದರಲ್ಲಿ ಅನುಮಾನವಿಲ್ಲ.

ಬುಧವಾರ ಎದುರಾಳಿಗಳು ಬಂದದ್ದು ಕ್ಲಾಫ್ ಎಂಡ್ ಊರಿನಿಂದ. ವರ್ಷ ವರ್ಷವೂ ನಮ್ಮನ್ನು ಸೋಲಿಸಿ, ಮೇಲೆ ನಮ್ಮದೇ ಪೈ ತಿಂದು, ಉಪ್ಪು ಕಡಿಮೆಯಾಯಿತು ಎಂದು ಹೇಳಿ ಹೋಗುವ ಜನ. ಈ ಸಲ ಎರಡೂ ಕಡೆ ಸಮಸಮ ಬಂದು, ಎಲ್ಲವೂ ವಿಲ್ಫ್‌ನ ಕೊನೆಯ ಚೆಂಡಿನ ಮೇಲೆ ನಿಂತಿತು. ಅದು ಹುಲ್ಲಿನ ಉಬ್ಬು ಹತ್ತಿ, ಇಳಿದು, ಇನ್ನೇನು ದಾರಿ ತಪ್ಪಿತು ಎನ್ನುವಾಗ ತಿರುಗಿ ಜ್ಯಾಕ್‌ಗೆ ಒರಗಿ ನಿಂತಿತು. ಅರವತ್ತು ದಾಟಿದ ಗಂಡಸರೆಲ್ಲ ಶಾಲೆ ಬಿಟ್ಟ ಮಕ್ಕಳಂತೆ ಕುಣಿದರು. ನಾನೂ ಸೌಟು ಹಿಡಿದುಕೊಂಡೇ ಹೊರಗೆ ಓಡಿದ್ದೆ.

ಎಲ್ಲರೂ ಒಳಗೆ ಬಂದು ಗ್ಲಾಸು ತುಂಬಿಸಿಕೊಂಡು ಕೂತಿದ್ದಾಗ ನೆವಿಲ್ ಬಂದ. ಕೊರಳಲ್ಲಿ ಟೈ ಇತ್ತು. ನಮ್ಮ ಕ್ಲಬ್ಬಿಗೆ ಯಾರೂ ಟೈ ಕಟ್ಟಿಕೊಂಡು ಬರುವುದಿಲ್ಲ. ನಮ್ಮ ಕಾಲದವರು ಟೈ ಕಟ್ಟುವುದು ಮದುವೆಗೆ, ಮಣ್ಣಿಗೆ, ದೊಡ್ಡ ಡಾಕ್ಟರನ್ನು ಕಾಣುವುದಕ್ಕೆ. ಅವನು ಸೀದಾ ವಿಲ್ಫ್‌ನ ಮೇಜಿನ ಬಳಿ ಹೋಗಿ ಕ್ಯಾಪ್ ತೆಗೆದ.

"ರಿಸಲ್ಟ್ ಸಿಕ್ತು, ವಿಲ್ಫ್" ಎಂದ.

"ಸಿಕ್ತು ಕಣೋ! ಯಾರು ಹೇಳಿದ್ರು ನಿಂಗೆ? ಬಾಗಿಲಲ್ಲೇ ಗೊತ್ತಾಯ್ತಾ? ರಿಸಲ್ಟ್!" ವಿಲ್ಫ್ ಎದ್ದು ಅವನನ್ನು ತಬ್ಬಿಕೊಂಡು ನೆಲದಿಂದ ಎತ್ತಿಯೇಬಿಟ್ಟ.

"ಅಲ್ಲ, ನಿನ್ನ ಹತ್ರ ಒಂದು ಮಾತು ಕೇಳೋದಿತ್ತು..."

ಅಷ್ಟರಲ್ಲಿ ಇಡೀ ಕ್ಲಬ್ಬು ಮೇಜು ಬಡಿಯುತ್ತ "ರಿಸಲ್ಟ್! ರಿಸಲ್ಟ್!" ಎಂದು ಶುರು ಮಾಡಿತ್ತು. ನೆವಿಲ್ ಸುತ್ತಲೂ ನೋಡಿದ. ಆಮೇಲೆ ನಕ್ಕ. ಆ ನಗುವನ್ನು ನಾನು ಕಂಡೆ. ಟೈ ಕಂಡಾಗಲೇ ನನಗೆ ಎಲ್ಲ ತಿಳಿದಿತ್ತು.

ತಿಳಿದೂ ಏನು ಮಾಡಿದೆ? ಅಷ್ಟು ಜನರ ಸಂತೋಷದ ನಡುವೆ ಹೋಗಿ ಗಂಡನ ತೋಳು ಜಗ್ಗಿ, ಬಾಯಿ ಮುಚ್ಚು ಎನ್ನಲು ನನಗೆ ಮುಜುಗರ. ನಾಲ್ಕು ಜನರ ಮುಂದೆ ರಂಪ ಮಾಡಬಾರದು ಎಂದು ಬೆಳೆದವಳು ನಾನು. ತಟ್ಟೆಗೆ ಪೈ ಹಾಕಿ, ಮೇಲೆ ಬಟಾಣಿ ಸುರಿದು, ಅವನ ಮುಂದಿಟ್ಟು, "ತಿನ್ನು ನೆವಿಲ್, ಬಿಸಿ ಇದೆ" ಎಂದೆ. ಥೂ ನನ್ನ ಬಾಯಿಗೆ. ಪಾಪ, ಮರ್ಯಾದೆಗೆ ಎರಡು ತುತ್ತು ತಿಂದು, "ಚೆನ್ನಾಗಿದೆ ನೋರ್ಮಾ" ಎಂದು ಹೇಳಿ, ಸದ್ದಿಲ್ಲದೆ ಎದ್ದು ಹೋದ.

ಮನೆಗೆ ನಡೆಯುವಾಗ ವಿಲ್ಫ್ ಇನ್ನೂ ಆ ಚೆಂಡಿನ ದಾರಿಯನ್ನು ಗಾಳಿಯಲ್ಲಿ ಬರೆಯುತ್ತಿದ್ದ.

"ನೆವಿಲ್ ಯಾಕೋ ಬೇಗ ಹೊರಟುಹೋದ. ಒಂದು ಗ್ಲಾಸ್ ಬಿಯರ್ ಕೂಡ ಮುಗಿಸ್ಲಿಲ್ಲ."

"ಅವನು ಹೇಳಿದ್ದು ಯಾವ ರಿಸಲ್ಟು ಅಂದ್ಕೊಂಡೆ ನೀನು?" ಎಂದೆ.

ಅವನ ಕೈ ಗಾಳಿಯಲ್ಲೇ ನಿಂತಿತು. ರಸ್ತೆಯ ಬದಿಯ ಗೋಡೆಯ ಮೇಲೆ ಕುಳಿತುಬಿಟ್ಟ.

"ಅವನನ್ನ ಎತ್ತಿ ಕುಣಿಸಿದ್ನಲ್ಲೇ" ಎಂದ. ಆಮೇಲೆ ನನ್ನ ಕಡೆ ತಿರುಗಿ, "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ ಸುಮ್ನಿದ್ದೆ?"

ಮದುವೆಯಾದಾಗಿನಿಂದ ಎಲ್ಲದಕ್ಕೂ ತಿರುಗಿ ಮಾತು ಕೊಟ್ಟವಳು ನಾನು, ಅಲ್ಲಿ ತಲೆ ತಗ್ಗಿಸಿ ನಿಂತೆ. ಇಬ್ಬರೂ ಮನೆಗೆ ಹೋಗದೆ ನೆವಿಲ್‌ನ ಬೀದಿಯ ಕಡೆ ತಿರುಗಿದೆವು.

ಬಾಗಿಲು ತೆಗೆದದ್ದು ಐರೀನ್.

"ಬನ್ನಿ ಬನ್ನಿ, ಕ್ಲಾಫ್ ಎಂಡ್‌ನವರ ಸೊಕ್ಕು ಮುರಿದ್ರಂತೆ! ಕೆಟಲ್ ಈಗ ಇಟ್ಟೆ."

ನೆವಿಲ್ ಕುರ್ಚಿಯಲ್ಲಿದ್ದ, ಟೈ ಇನ್ನೂ ಬಿಚ್ಚಿರಲಿಲ್ಲ. ನಮ್ಮನ್ನು ಕಂಡು ಕಣ್ಣು ತಪ್ಪಿಸಿದ. ತಪ್ಪು ಮಾಡಿದವರು ನಾವು, ನಾಚಿಕೆ ಅವನಿಗೆ.

"ಐರೀನ್, ನಾನು ಇವತ್ತು..." ಎಂದು ವಿಲ್ಫ್ ಶುರು ಮಾಡಿದ.

"ಎಲ್ಲಾ ಹೇಳ್ದ ಕಣೋ. ಒಳ್ಳೇ ಸುದ್ದಿ ಅಲ್ಲ ನಂದು, ಅದು ಹಾಗಿರ್ಲಿ. ಆದ್ರೆ ನೀವೆಲ್ಲಾ ಹಾಗೆ ಕೂಗಿದಾಗ ಒಂದು ಗಳಿಗೆ ಇವನಿಗೆ, ನಂಗೆ ಏನೂ ಆಗಿಲ್ಲ ಅಂತ್ಲೇ ಅನ್ನಿಸಿಬಿಡ್ತಂತೆ." ಅವಳು ವಿಲ್ಫ್‌ನ ಎದುರು ಕುಳಿತಳು. "ಬೆಳಗಿಂದ ಆಸ್ಪತ್ರೆ ಮಾತೇ ಕೇಳಿ ಸಾಕಾಯ್ತು. ಕೊನೇ ಚೆಂಡಿನ ಕತೆ ಹೇಳು."

ಬೇರೆ ದಿನವಾಗಿದ್ದರೆ ಅವನು ಕಿತ್ತಳೆಹಣ್ಣುಗಳನ್ನು ಕಾರ್ಪೆಟ್ಟಿನ ಮೇಲೆ ಉರುಳಿಸಿ ತೋರಿಸುತ್ತಿದ್ದ. ಇಂದು ಕಪ್ಪಿನೊಳಗೆ ನೋಡುತ್ತ, "ಸ್ವಲ್ಪ ಹತ್ರ ನಿಲ್ತು, ಅಷ್ಟೆ" ಎಂದ.

"ಎಷ್ಟು ಹತ್ರ? ತೋರ್ಸೋ."

ಅವನು ಎರಡು ಬೆರಳು ಜೋಡಿಸಿ ಹಿಡಿದ. ಅವಮಾನದಿಂದ ನಾನು ಗೋಡೆ ನೋಡಿದೆ.

ಕೊನೆಗೆ ವಿಲ್ಫ್ ಕಪ್ಪು ಕೆಳಗಿಟ್ಟು, "ನೀನು ಏನೋ ಕೇಳಕ್ಕೆ ಬಂದಿದ್ದೆ, ನೆವಿಲ್. ನಾನು ಕೇಳಿಸ್ಕೊಳ್ಲಿಲ್ಲ. ಈಗ ಕೇಳೋ" ಎಂದ.

"ಬಿಡು, ನಿಂಗೆ ತೊಂದ್ರೆ..."

"ಕೇಳೋ, ದಮ್ಮಯ್ಯ."

"ಸೋಮವಾರದಿಂದ ಇವಳಿಗೆ ಚಿಕಿತ್ಸೆ ಶುರು. ನನ್ನ ಕಣ್ಣಿಗೆ ಪೊರೆ, ಕಾರು ಮಾರಿದ್ದು ನಿಂಗೇ ಗೊತ್ತಲ್ಲ. ಬಸ್ಸಲ್ಲಿ ಹೋಗಿ ಬರೋಕೆ ಇವಳ ಕೈಲಿ ಆಗಲ್ಲ. ನೀನು ಕರ್ಕೊಂಡು ಹೋಗ್ತೀಯಾ ಅಂತ..."

"ಎಷ್ಟು ಗಂಟೆಗೆ ಬರ್ಲಿ?"

ಐರೀನ್ ಗಂಡನ ಮುಖ ನೋಡಿದಳು. ಆಮೇಲೆ ಮೆಲ್ಲಗೆ, ಮೊಣಕಾಲಿನ ಮೇಲಿದ್ದ ಕೈಯನ್ನು ಸಣ್ಣದಾಗಿ ಮುಷ್ಟಿ ಮಾಡಿ ಎತ್ತಿದಳು.

"ರಿಸಲ್ಟ್" ಎಂದಳು.

ವಿಲ್ಫ್ ತಲೆ ಎತ್ತಲಿಲ್ಲ. ಅವನ ಟೀ ಅಲ್ಲೇ ಆರಿತು.