ತಿರುಗಲು ಜಾಗವಿಲ್ಲದ ಬಸ್ಸು

ಪ್ರಾಯೋಗಿಕ ಬಸ್ಸು ಹೊಸ ಬಡಾವಣೆಯೊಳಗೆ ನುಗ್ಗಿದಾಗ ಮಾರ್ಗ ಯೋಜಿಸಿದವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಬಸ್ ಬಂದೇ ಬರುತ್ತೆ, ಧೈರ್ಯವಾಗಿ ಮನೆ ಕಟ್ಟು" ಎಂದು ಅಕ್ಕನನ್ನು ಊರಾಚೆಗೆ ಸಾಗಹಾಕಿದವಳು ಅವಳೇ. ಅಂದಿನಿಂದ ಅಕ್ಕ ದಿನಾ ಹೆದ್ದಾರಿವರೆಗೆ ನಡೆಯುತ್ತ, ಹೆಜ್ಜೆಗೊಮ್ಮೆ ತಂಗಿಗೆ ಮಂಗಳಾರತಿ ಎತ್ತುತ್ತಿದ್ದಳು.

"ಬೀದಿ ಕೊನೇಲಿ ಬಸ್ ತಿರುಗಿದ್ರೆ ಸಹಿ, ಇಲ್ದಿದ್ರೆ ಮಾರ್ಗ ರದ್ದು" ಎಂದಿದ್ದರು ಹಿಂದಿನ ಸೀಟಿನ ಮೇಲಧಿಕಾರಿ. ಅವರು ಫೋನಿನಲ್ಲಿ ಮುಳುಗಿದ್ದಾಗ ಅವಳು ಮೂಗಿನಲ್ಲಿ ಅವರದೇ ದನಿ ತೆಗೆದು "ಮಾರ್ಗ ರದ್ದೂ..." ಎಂದಳು. ಚಾಲಕ ನಗು ತಡೆಯಲಾರದೆ ಹಾರನ್ ಒತ್ತಿಬಿಟ್ಟ.

ಬೀದಿಯ ತುದಿಯಲ್ಲಿ ಬಸ್ಸು ಗಕ್ಕನೆ ನಿಂತಿತು.

"ಮೇಡಂ, ಬಸ್ ತಿರುಗಿಸೋಕೆ ನಿಮ್ಮ ಸರ್ಕಲ್ ಎಲ್ರೀ?" ಎಂದ ಚಾಲಕ.

ನಕ್ಷೆಯಲ್ಲಿ ಸರ್ಕಲ್ ಇದ್ದಲ್ಲಿ ಎರಡಂತಸ್ತಿನ ಮನೆಯೊಂದು ಬಟ್ಟೆ ಒಣಹಾಕಿಕೊಂಡು ನಿಂತಿತ್ತು. ಬಡಾವಣೆ ಮಾಡಿದವನು ಸರ್ಕಲನ್ನೂ ಸೈಟು ಮಾಡಿ ಮಾರಿದ್ದ. ಅವಳೋ, ಬಂದಾಗಲೆಲ್ಲ ಮೊದಲ ಅಡ್ಡರಸ್ತೆಯ ಅಕ್ಕನ ಮನೆಯಲ್ಲಿ ಉಂಡು ವಾಪಸಾದವಳು. ತುದಿಯನ್ನು ನೋಡಿದ್ದು ಕಾಗದದಲ್ಲಿ ಮಾತ್ರ. ಆ ಮನೆಯ ಪಕ್ಕ, ಬಸ್ಸಿನ ನೇರಕ್ಕೆ ಗೋಡೆ. ಆಚೆ ಇನ್ನೊಂದು ಬಡಾವಣೆ.

ಹಾರನ್ ಕೇಳಿ ಅಕ್ಕ ಓಡಿಬಂದಳು. "ಬಂತಮ್ಮಾ ನಿನ್ನ ಬಸ್ಸು! ಇನ್ನು ಇದಕ್ಕೂ ಒಂದು ಮನೆ ಕಟ್ಟಿಸ್ತೀಯಾ?"

ಅಧಿಕಾರಿ ಪೆನ್ನು ಜೇಬಿಗೆ ಸೇರಿಸಿದರು. ತಂಗಿ ನಕ್ಷೆ ಬಿಚ್ಚಿ ಅವರ ಮುಂದೆ ಹಿಡಿದಳು.

"ಸಾರ್, ತಿರುಗೋದೇ ಬೇಡ! ನೇರ ಹೋಗಿ, ಆಚೆ ಬಡಾವಣೆ ಸುತ್ತಿ ಹೆದ್ದಾರಿ ಸೇರೋಣ. ನಕ್ಷೇಲಿ ಇದು ರಸ್ತೆ. ಗೋಡೆ ಎರಡೂ ಬಡಾವಣೆಯವರು ಜಗಳ ಆಡಿ ಕಟ್ಕೊಂಡಿದ್ದು."

"ಮತ್ತೆ ನಕ್ಷೆನಾ?"

"ಈ ಸಲ ಕಣ್ಣಾರೆ ನೋಡ್ತೀನಿ ತಾಳಿ!" ಅವಳು ಬಸ್ಸಿನ ಹಿಂದಿನ ಏಣಿ ಹತ್ತಿದಳು. ಗೋಡೆಯಾಚೆ ಅಗಲವಾದ ಡಾಂಬರು ರಸ್ತೆ, ದೂರದಲ್ಲಿ ಹೆದ್ದಾರಿ! ಅವಳು ಕಂಡಕ್ಟರನ ಗಂಟಲಲ್ಲಿ ಕೂಗಿದಳು: "ಯಾರ್ರೀ ಹತ್ತೋರು? ಗೋಡೆ ಇಳಿಸ್ರೀ, ಬಸ್ ಬರುತ್ತೆ!"

ಎರಡೂ ಕಡೆ ಜನ ಜಮಾಯಿಸಿದರು.

"ಮೊದಲು ಅವ್ರು ಒಡೀಲಿ!"

"ನಾವ್ಯಾಕ್ರೀ? ನೀವು ಒಡೀರಿ!"

"ಥೂ, ನಿಮ್ಮ ಮರ್ಯಾದೆಗೆ ಕಾಯ್ತಾ ಕೂತ್ರೆ ನನ್ನ ಕಾಲು ಸವೆದು ಹೋಗುತ್ತೆ" ಎಂದ ಅಕ್ಕ, ಯಾರದೋ ಕೈಯಿಂದ ಹಾರೆ ಕಸಿದು ಬೀಸಿದಳು. ಒಂದು ಕಲ್ಲು ಉರುಳಿತು. ಆಮೇಲೆ ಈಚೆಯಿಂದಲೂ ಆಚೆಯಿಂದಲೂ ಪೈಪೋಟಿಯ ಮೇಲೆ ಏಟು.

ಧೂಳು ಅಡಗುವ ಹೊತ್ತಿಗೆ ಚಾಲಕ ಗೇರು ಹಾಕಿದ. ಕನ್ನಡಿ ಮಡಚಿಕೊಂಡು ಬಸ್ಸು ಆಚೆ ನುಸುಳಿತು. "ಹೋಯ್ತು!" ಎಂದು ಮೊದಲು ಕಿರುಚಿದವರು ಅಧಿಕಾರಿಯೇ, ಪೆನ್ನು ಆಗಲೇ ಹೊರಬಂದಿತ್ತು.

ಅಕ್ಕ ಧೂಳು ಮೆತ್ತಿದ ಸೀರೆಯಲ್ಲೇ ಹತ್ತಿ ಕಿಟಕಿ ಪಕ್ಕ ಕೂತಳು.

"ಎಲ್ಲಿಗಕ್ಕಾ?"

"ಹೆದ್ದಾರಿಗೆ ಹೋಗಿ ಬರ್ತೀನಿ ಕಣೇ. ಕೂತ್ಕೊಂಡು!"