ಸಾಹೇಬರನ್ನು ಸೇರಿಸಿಕೊಂಡ ಗುಂಪು

ಹೊಳೆನರಸೀಪುರದ ಹಂಸ ಟೀಚರ್ ಸುತ್ತಿನ ಗಣಿತದ ಮೇಷ್ಟ್ರುಗಳಿಗೆಂದು ಕಟ್ಟಿದ ವಾಟ್ಸ್ಯಾಪ್ ಗುಂಪಿಗೆ ಇದ್ದದ್ದು ಒಂದೇ ನಿಯಮ: ಗೊತ್ತಿಲ್ಲದ್ದನ್ನು ನಾಚದೆ ಕೇಳಬೇಕು. ಗುಡ್ ಮಾರ್ನಿಂಗ್, ಹೂವಿನ ಚಿತ್ರ, ಸುತ್ತೋಲೆ, ಯಾವುದೂ ಕೂಡದು. ಅಲ್ಲ, ಗಣಿತದ ಮೇಷ್ಟ್ರಿಗೆ ಗಣಿತ ತಿಳಿಯದು ಅಂತ ಯಾರಾದರೂ ಬಾಯಿಬಿಟ್ಟು ಹೇಳುವುದುಂಟೇ? ಆದರೂ ಹೇಳಿದರು, ಪಾಪ. ಮೊದಲು ಹೇಳಿದವನು ಕೊಣನೂರು ಕಡೆಯ ಮೇಷ್ಟ್ರು ಪಾಲಾಕ್ಷ.

“ಮೇಡಂ, ಭಿನ್ನರಾಶಿ ಭಾಗಿಸುವಾಗ ಯಾಕೆ ತಲೆಕೆಳಗು ಮಾಡ್ಬೇಕು ಅಂತ ನಂಗೇ ಗೊತ್ತಿಲ್ಲ. ಮಕ್ಳು ಕೇಳುದ್ರೆ ಗದರಿಸಿ ಕೂರುಸ್ತೀನಿ,” ಎಂದು ವಾಯ್ಸ್ ಮೆಸೇಜ್ ಕಳಿಸಿದ್ದ. ಚನ್ನರಾಯಪಟ್ಟಣದ ಪ್ರತಿಭಾ ಟೀಚರ್ ಅಡುಗೆಮನೆಯಲ್ಲೇ ನಿಂತು, ಅರ್ಧ ಚಪಾತಿಯಲ್ಲಿ ಕಾಲು ಚಪಾತಿಯ ಚೂರು ಎಷ್ಟಿವೆ ಅಂತ ಹರಿದು ತೋರಿಸಿ ವಿಡಿಯೋ ಹಾಕಿದಳು. ಮಾರನೆಯ ದಿನ ಪಾಲಾಕ್ಷ ತನ್ನ ತರಗತಿಯ ಗಲಾಟೆಯನ್ನೇ ರೆಕಾರ್ಡ್ ಮಾಡಿ ಕಳಿಸಿದ. ಮಕ್ಕಳು ಕೂಗಿ ಕೂಗಿ ಉತ್ತರ ಹೇಳುತ್ತಿದ್ದರು. ಹಂಸಳಿಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷದ ನೌಕರಿಯಲ್ಲಿ ಅವಳಿಗೆ ಜೊತೆಯವರು ಅಂತ ಸಿಕ್ಕಿದ್ದು ಈಗಲೇ.

ಅಷ್ಟಕ್ಕೆ ಸುಮ್ಮನಿರಬಾರದಿತ್ತೇ? ಅವಳ ಶಾಲೆಯ ಹೆಡ್‌ಮಾಸ್ಟರ್ ನಂಜುಂಡಯ್ಯ, “ದೊಡ್ಡೋರಿಗೆ ಹೇಳ್ದೆ ಮಾಡಿದ್ರೆ ಚೆನ್ನಾಗಿರಲ್ಲಮ್ಮ. ಸಾಹೇಬ್ರನ್ನೂ ಸೇರಿಸ್ಬಿಡಿ, ಒಂದು ಮರ್ಯಾದೆ,” ಅಂದರು. ಹಂಸಳಿಗೂ ಹೌದೆನ್ನಿಸಿತು. ಮದುವೆಗೆ ಕರೆದ ಹಾಗೆ ಶಿಕ್ಷಣ ಇಲಾಖೆಯ ಮೇಲಧಿಕಾರಿಯನ್ನು ಕರೆದು, ಸೇರಿಸಿ, ಅಡ್ಮಿನ್ನೂ ಮಾಡಿದಳು.

ಸಾಲುಸಾಲಾಗಿ ನಮಸ್ತೆ ಸರ್, ಸ್ವಾಗತ ಸರ್. ಅದನ್ನು ನೋಡದ ಪಾಲಾಕ್ಷ ಎಂದಿನಂತೆ ಕೇಳಿಬಿಟ್ಟ: “ಋಣಸಂಖ್ಯೆಗೆ ಋಣಸಂಖ್ಯೆ ಗುಣಿಸುದ್ರೆ ಧನ ಯಾಕಾಯ್ತದೆ? ನಂಗೆ ತಲೆಬುಡ ತಿಳೀತಿಲ್ಲ.”

ಸಾಹೇಬರು ಬರೆದರು: “ಯಾವ ಶಾಲೆ? ಸರ್ವೀಸ್ ಎಷ್ಟು?”

ಹಂಸಳಿಗೆ ಉತ್ತರ ಗೊತ್ತಿತ್ತು. ಟೈಪ್ ಮಾಡಿದಳು, ಅಳಿಸಿದಳು. ‘ಆ ಸಂಶಯ ನನಗೂ ಇತ್ತು ಸರ್’ ಎಂಬ ಒಂದು ಮಾತು ಸಾಕಿತ್ತು. ಥೂ, ಅಷ್ಟೂ ಬೆರಳಿಗೆ ಬರಲಿಲ್ಲ. ಅಷ್ಟರಲ್ಲಿ ಯಾರೋ ಗುಲಾಬಿಯ ಶುಭೋದಯ ಹಾಕಿದರು. ಅದಕ್ಕೇ ಕಾದಿದ್ದವರಂತೆ ಎಲ್ಲರೂ ಕೈಮುಗಿದರು.

ಈಗ ಅಲ್ಲಿ ಸುತ್ತೋಲೆ ಬರುತ್ತದೆ, ಹುಟ್ಟುಹಬ್ಬದ ಕೇಕು ಬರುತ್ತದೆ, ಪ್ರಶ್ನೆ ಮಾತ್ರ ಬರುವುದಿಲ್ಲ. ತಡೆಯಲಾರದೆ ಹಂಸ ಪಾಲಾಕ್ಷನಿಗೆ ಫೋನ್ ಮಾಡಿದಳು.

“ತಪ್ಪು ನಂದೇ ಮೇಷ್ಟ್ರೇ. ಸಾಹೇಬ್ರಿಲ್ಲದ ಬೇರೆ ಗುಂಪು ಮಾಡ್ತೀನಿ, ಬನ್ನಿ. ನೀವು ಕೇಳಿದ್ರಲ್ಲ, ಅದನ್ನ ನಾನೇ ಹೇಳ್ತೀನಿ.”

“ಏನ್ ಕೇಳಿದ್ದೆ ಮೇಡಂ? ಅಂಗೇನಿಲ್ಲ. ನಂಗೆಲ್ಲಾ ಬತ್ತದೆ.”

ಅವನ ಹಿಂದೆ ತರಗತಿಯಲ್ಲಿ ಯಾವುದೋ ಮಗು, “ಯಾಕೆ ಸಾ?” ಎಂದಿತು.

“ಬಾಯ್ಮುಚ್ಕೊಂಡು ಬರ್ಕೊ,” ಎಂದು ಪಾಲಾಕ್ಷ ಗದರಿಸಿದ. “ಯಾಕಂತೆ, ಯಾಕೆ!”